ಬಿಸಿಲ್ಗುದುರೆಯ ಊರಿನ ಹಾದಿ

ಅಮೆರಿಕದ ಕ್ಯಾಲಿಫೋರ್ನಿಯದ ಮರುಭೂಮಿಯಲ್ಲಿ ರಾಂಚೊ ಮಿರಾಜ್ ಎಂಬ ಸಿರಿವಂತರ ಊರೊಂದುಂಟು. ಮಿರಾಜ್ ಎಂದರೆ ಬಿಸಿಲ್ಗುದುರೆ, ಹೆಸರಿಟ್ಟವರು ವಿನೋದಪ್ರಿಯರಿರಬೇಕು! ವಾಹನವನ್ನೇ ಮನೆಯಾಗಿಸಿಕೊಂಡು ದೇಶ ಸುತ್ತುತ್ತಿದ್ದ ಛಾಯಾಗ್ರಾಹಕ ಜೋಯಲ್ ಸ್ಟರ್ನ್‌ಫೆಲ್ಡ್ ಅವರು 1979ರ ಜುಲೈ ತಿಂಗಳಲ್ಲಿ ಇಲ್ಲಿ ತೆಗೆದ ವರ್ಣಚಿತ್ರವೊಂದು ಜಗತ್ಪ್ರಸಿದ್ಧವಾಗಿದೆ. ಅವರು ಬಳಸಿದ್ದು 8x10 ಅಂಗುಲದ ಫಿಲ್ಮಿನ ದೊಡ್ಡ ಕ್ಯಾಮೆರಾ.

ಮೊದಲ ನೋಟಕ್ಕೆ ಮನೆಯೂ ಮಣ್ಣೂ ಒಂದೇ ಮರಳುಬಣ್ಣದಲ್ಲಿ ಬೆರೆತು ಪರಮಶಾಂತಿಯೇ ಮೈವೆತ್ತಂತೆ ತೋರುತ್ತದೆ. ದೃಷ್ಟಿ ಕೆಳಗಿಳಿದಂತೆ ಎದೆ ಝಲ್ಲೆನ್ನುತ್ತದೆ: ದಾರಿಯ ಅಂಚು ಕುಸಿದಿದೆ, ಕೊರಕಲಿನಲ್ಲಿ ಮಣ್ಣಿನೊಡನೆ ಕಾರೊಂದು ಬಿದ್ದಿದೆ. ಒಣನೆಲ ಒಮ್ಮೆಲೇ ಸುರಿದ ಮಳೆಯನ್ನು ಹೀರಲಾರದು. ನೀರೆಲ್ಲ ಹಠಾತ್ತನೆ ಹೊನಲಾಗಿ ನುಗ್ಗುತ್ತದೆ. ಆ ಅನಾಹುತವನ್ನು ಕ್ಷಣಕಾಲ ಮರೆಸುವುದು ಬಣ್ಣವೇ. ಕಪ್ಪುಬಿಳುಪಿನ ಚಿತ್ರಕ್ಕೆ ಈ ಮೋಡಿ ಸಾಧ್ಯವಾಗುತ್ತಿರಲಿಲ್ಲವೆಂದೇ ನಮ್ಮ ಎಣಿಕೆ. ಮೇಲಿನ ಮನೆಗಳಾದರೋ ಏನೂ ನಡೆದಿಲ್ಲವೆಂಬಂತೆ ನಿಂತಿವೆ.