ಜಾವಾದಲ್ಲಿ ಒಬ್ಬಳೇ ಏಳು ದಿನ

"ಅಮ್ಮಾ, ನಿನಗೆ ಅರವತ್ತನಾಲ್ಕು ವರ್ಷ. ಅಲ್ಲಿನ ಭಾಷೆ ಬಾರದು, ಜೊತೆಗೆ ಯಾರೂ ಇಲ್ಲ. ಹೋಗಲೇಬೇಕೆಂದರೆ ಯಾವುದಾದರೂ ಟೂರಿನವರ ಗುಂಪಿನೊಂದಿಗೆ ಹೋಗು, ದುಡ್ಡು ನಾನು ಕಟ್ಟುತ್ತೇನೆ" ಎಂದು ಸಿಂಗಪುರದಲ್ಲಿರುವ ನನ್ನ ಮಗನು ಹೇಳಿದನು. ಅವನ ಮಾತಿನ ಕೊನೆಯ ಭಾಗವೇ ನನ್ನನ್ನು ಕೆಣಕಿದುದು. ಮೂವತ್ತೇಳು ವರ್ಷ ಅಂಚೆ ಕಚೇರಿಯ ಕೌಂಟರಿನ ಹಿಂದೆ ಕುಳಿತು ಅನ್ಯರ ಹಣವನ್ನು ಎಣಿಸಿಕೊಟ್ಟವಳು ನಾನು. ಇದೊಂದು ಪ್ರವಾಸವನ್ನಾದರೂ ನನ್ನ ಪಿಂಚಣಿಯ ಹಣದಲ್ಲಿಯೇ ಮಾಡಬೇಕೆಂದು ಮನಸ್ಸಿನಲ್ಲಿ ಸಂಕಲ್ಪವಾಗಿತ್ತು. ವಿಮಾನ, ವೀಸಾ, ವಸತಿ, ಊಟ ಎಲ್ಲ ಸೇರಿ ಮೂವತ್ತು ಸಾವಿರ ರೂಪಾಯಿ ಎಂದು ಪುಸ್ತಕದಲ್ಲಿ ಬರೆದುಕೊಂಡು, 2023ರ ಸೆಪ್ಟೆಂಬರಿನ ಒಂದು ಗುರುವಾರ ಸಿಂಗಪುರದಿಂದ ಹೊರಟು ಜಾವಾದ್ವೀಪದ ಯೋಗ್ಯಕರ್ತ ನಗರವನ್ನು ಸೇರಿದೆನು.

ಜಾವಾವನ್ನೇ ಏಕೆ ಆರಿಸಿದೆ ಎಂದು ಓದುಗರು ಕೇಳಬಹುದು. ಪ್ರಂಬಾನನ್ ಎಂಬಲ್ಲಿ ಒಂಬತ್ತನೆಯ ಶತಮಾನದ ಶಿವಾಲಯವೊಂದಿದೆ, ಅದರ ಪ್ರದಕ್ಷಿಣಾಪಥದ ಗೋಡೆಯ ಮೇಲೆ ರಾಮಾಯಣವನ್ನು ಕಲ್ಲಿನಲ್ಲಿ ಬರೆದಿದ್ದಾರೆ ಎಂದು ಬಹಳ ವರ್ಷಗಳ ಹಿಂದೆ ಎಲ್ಲಿಯೋ ಓದಿದ್ದೆನು. ಅದನ್ನು ನೋಡಬೇಕೆಂಬ ಆಸೆ ನನ್ನ ಯಜಮಾನರಿಗೂ ಇತ್ತು. ಅವರು ನೋಡಲಿಲ್ಲ.

ಯೋಗ್ಯಕರ್ತವನ್ನು ಅಲ್ಲಿನವರು ಪ್ರೀತಿಯಿಂದ ಜೋಗ್ಜಾ ಎನ್ನುತ್ತಾರೆ. ನಮ್ಮ ಅಯೋಧ್ಯೆಯ ಹೆಸರಿನಿಂದ ಬಂದ ಹೆಸರೆಂದು ಹೇಳುತ್ತಾರೆ. ಈಗಲೂ ಸುಲ್ತಾನರ ಅರಮನೆಯುಳ್ಳ ಊರು. 1946ರಿಂದ 1949ರವರೆಗೆ ಇಂಡೋನೇಷ್ಯಾದ ಗಣರಾಜ್ಯಕ್ಕೆ ರಾಜಧಾನಿಯಾಗಿದ್ದ ಊರೂ ಹೌದು. ಮಾಲಿಯೊಬೊರೊ ಎಂಬ ದೊಡ್ಡ ಬೀದಿಯ ಹಿಂದುಗಡೆ ಕೈ ಚಾಚಿದರೆ ಎರಡು ಗೋಡೆಗಳೂ ಸಿಕ್ಕುವಂತಹ ಸಣ್ಣ ಓಣಿಗಳಿವೆ. ಅಂತಹ ಓಣಿಯೊಂದರ ಮನೆಯಲ್ಲಿ ದಿನಕ್ಕೆ ಒಂದೂವರೆ ಲಕ್ಷ ರೂಪಯ್ಯಕ್ಕೆ ಕೋಣೆ ಹಿಡಿದೆನು. ಗಾಬರಿಯಾಗಬೇಡಿ, ನಮ್ಮ ಲೆಕ್ಕದಲ್ಲಿ ಅದು ಎಂಟುನೂರು ರೂಪಾಯಿ. ಆ ದೇಶದ ನೋಟುಗಳ ಸೊನ್ನೆಗಳನ್ನು ಎಣಿಸುವುದೇ ಮೊದಲೆರಡು ದಿನದ ಕೆಲಸವಾಯಿತು.

ಬಚ್ಚಲಿನಲ್ಲಿ ನೀರಿನ ತೊಟ್ಟಿ, ಪಕ್ಕದಲ್ಲಿ ಹಿಡಿಯುಳ್ಳ ತಂಬಿಗೆ. ನಳವನ್ನು ತಿರುಗಿಸಿ ಮಳೆಯಂತಹ ನೀರಿನ ಕೆಳಗೆ ನಿಲ್ಲುವ ಗೋಜಿಲ್ಲದೆ, ಮೊಗೆದು ಮೊಗೆದು ಹೊಯ್ದುಕೊಂಡಾಗ ತವರುಮನೆಯ ಹಂಡೆ ನೆನಪಾಯಿತು. ಮನೆಯೊಡತಿ ನನ್ನ ವಯಸ್ಸಿನವಳೇ. ಅಲ್ಲಿ ಹಿರಿಯ ಹೆಂಗಸರನ್ನು 'ಇಬು' ಎಂದು, ಅಂದರೆ ತಾಯಿಯೆಂದು ಕರೆಯುವುದು ವಾಡಿಕೆ. ನಾನು ಅವಳಿಗೆ ಇಬು, ಅವಳು ನನಗೆ ಇಬು. ಇಬ್ಬರು ತಾಯಂದಿರಿಗೂ ಪರಸ್ಪರರ ಭಾಷೆ ತಿಳಿಯದು.

ಭಾಷೆ ತಿಳಿಯದೆಂದು ಹೇಳಿದೆನಷ್ಟೆ? ಅದು ಪೂರ್ತಿ ನಿಜವಲ್ಲ. ಭಾಷೆಗೆ ಅವರೂ 'ಬಹಾಸಾ' ಎನ್ನುತ್ತಾರೆ. ಗುರು, ಪುತ್ರ, ನಾಮ, ಭೂಮಿ, ಮನುಷ್ಯ, ಎಲ್ಲ ನಮ್ಮ ಮಾತುಗಳೇ. ಮೇಜಿಗೂ ಮೇಜಾ, ಕುರ್ಚಿಗೂ ಕುರ್ಸಿ. ಇದರಿಂದ ಧೈರ್ಯ ಬಂದು ಎರಡನೆಯ ದಿನ ಸೀರೆಯೊಂದನ್ನು ಕೈಯಲ್ಲಿ ಹಿಡಿದು "ಇಸ್ತ್ರಿ, ಇಸ್ತ್ರಿ" ಎಂದೆನು. ಮನೆಯೊಡತಿ ಬೆಪ್ಪಾಗಿ ನೋಡಿದಳು. ಅವರಲ್ಲಿ ಇಸ್ತ್ರಿ ಎಂದರೆ ಹೆಂಡತಿ! ನಮ್ಮ ಊರಿನ ಬೆಳಗಿನ ತಿಂಡಿ ಯಾವುದೆಂದು ಅವಳ ಮೊಮ್ಮಗಳು ಇಂಗ್ಲಿಷಿನಲ್ಲಿ ಕೇಳಿದಾಗ "ದೋಸಾ" ಎಂದು ಹೇಳಿ ಮತ್ತೆ ಕೆಟ್ಟೆನು. ಅಲ್ಲಿ ದೋಸಾ ಎಂದರೆ ಪಾಪ. ನಾವು ದಿನವೂ ಬೆಳಿಗ್ಗೆ ಪಾಪವನ್ನು ತಿನ್ನುವವರೆಂದು ಅಜ್ಜಿ ಮೊಮ್ಮಗಳಿಬ್ಬರೂ ಬಹಳ ಹೊತ್ತು ನಕ್ಕರು. ಆ ಸಂಜೆ ಅವಳು "ಸುಆಮಿ?" ಎಂದು ಕೇಳಿದಳು. ಸ್ವಾಮಿ ಎಂದರೆ ಅಲ್ಲಿ ಗಂಡ. ನಾನು ಮೇಲಕ್ಕೆ ಬೆರಳು ತೋರಿಸಿ "ಸ್ವರ್ಗ" ಎಂದೆನು. "ಸುರ್ಗಾ" ಎಂದು ತಲೆದೂಗಿ ಅವಳೂ ಮೇಲಕ್ಕೆ ಬೆರಳು ತೋರಿಸಿದಳು. ಅವಳು ದಿನಕ್ಕೆ ಐದು ಸಲ ನಮಾಜು ಮಾಡುವ ಮುಸಲ್ಮಾನಳು. ನಮ್ಮಿಬ್ಬರ ಯಜಮಾನರೂ ಇರುವ ಸ್ಥಳಕ್ಕೆ ಹೆಸರೊಂದೇ.

ಊಟದ ವಿಷಯವನ್ನು ಸಸ್ಯಾಹಾರಿಗಳಾದ ಓದುಗರಿಗಾಗಿ ಸ್ವಲ್ಪ ವಿಸ್ತರಿಸುತ್ತೇನೆ. 'ಮಾಂಸ ತಿನ್ನುವುದಿಲ್ಲ' ಎಂದಷ್ಟೇ ಹೇಳಿದರೆ ಅಲ್ಲಿ ಸಾಲದು. ಮೀನು, ಕೋಳಿಗಳನ್ನು ಪ್ರತ್ಯೇಕವಾಗಿ ಬೇಡವೆನ್ನಬೇಕು. ಚಟ್ನಿಯಂತಹ ಸಾಂಬಾಲ್‌ನಲ್ಲಿ ಸಿಗಡಿಯ ಹುದುಗು ಅಡಗಿರುತ್ತದೆ. ನಮ್ಮ ಹಪ್ಪಳದಂತೆಯೇ ಕರಿದು ಗರಿಗರಿಯಾಗಿರುವ ಕೃಪುಕ್ಕಿನಲ್ಲಿಯೂ ಎಷ್ಟೋ ಸಲ ಸಿಗಡಿಯೇ. ಆದರೆ ಬೇಯಿಸಿದ ತರಕಾರಿಗೆ ಶೇಂಗಾದ ಗೊಜ್ಜು ಸುರಿದುಕೊಡುವ ಪೆಚೆಲ್, ಸೋಯಾ ಅವರೆಯನ್ನು ಹುದುಗಿಸಿ ಬಿಲ್ಲೆ ಮಾಡಿ ಕರಿದ ತೆಂಪೆ, ಇವೆರಡಿದ್ದರೆ ಯಾರೂ ಉಪವಾಸ ಬೀಳಬೇಕಾಗಿಲ್ಲ. ಜೋಗ್ಜಾದ ಹೆಸರುವಾಸಿ ಅಡಿಗೆ ಗುದೆಗ್. ಎಳೆ ಹಲಸಿನ ಕಾಯಿಯನ್ನು ತೆಂಗಿನಹಾಲು, ಬೆಲ್ಲಗಳಲ್ಲಿ ಗಂಟೆಗಟ್ಟಲೆ ಬೇಯಿಸಿ ಮಾಡುವ ಪಲ್ಯ. ತೇಗದ ಎಲೆ ಹಾಕಿ ಕಂದುಬಣ್ಣ ಬರಿಸುತ್ತಾರೆ. ಮಲೆನಾಡಿನವಳಾದ ನಾನು ಹಲಸೆಂದೊಡನೆ ಎಲೆ ಮುಂದೆ ಕುಳಿತೆನು. ಪಕ್ಕದಲ್ಲಿ ಕೆಂಪಗೆ ಮೃದುವಾಗಿದ್ದ ಇನ್ನೊಂದು ಪದಾರ್ಥವನ್ನು ಬಾಯಿಗೆ ಇಡುವುದರೊಳಗೆ ಮೊಮ್ಮಗಳು ಓಡಿಬಂದು ತಡೆದಳು. ಅದು ದನದ ಚರ್ಮವಂತೆ! ಗುದೆಗ್ ಮಾತ್ರ ತಿಂದು, ಅದು ನಮ್ಮ ಗುಜ್ಜೆ ಪಲ್ಯಕ್ಕಿಂತ ಅತಿ ಸಿಹಿಯೆಂದು ತೀರ್ಪು ಕೊಟ್ಟೆನು.

ಶನಿವಾರ ಸಂಜೆ ಕಂಟಕ ಒದಗಿತು. ಪ್ರಂಬಾನನ್‌ಗೆ ವಿದೇಶೀಯರ ಪ್ರವೇಶಶುಲ್ಕ ಇಪ್ಪತ್ತೈದು ಡಾಲರು, ಅಲ್ಲಿನ ಹಣದಲ್ಲಿ ಮೂರೂಮುಕ್ಕಾಲು ಲಕ್ಷದ ಮೇಲೆ. ದೇಶೀಯರಿಗೆ ಐವತ್ತು ಸಾವಿರ. ನಾನು ದೂರುವಂತಿಲ್ಲ, ನಮ್ಮ ಹಂಪೆಯಲ್ಲಿ ನಲವತ್ತು ರೂಪಾಯಿಗೆ ಆರುನೂರು ವಸೂಲು ಮಾಡುತ್ತೇವೆ. ಆ ಹಣಕ್ಕಾಗಿ ಬೀದಿಯ ಮೂಲೆಯ ಯಂತ್ರವೊಂದರಲ್ಲಿ ಕಾರ್ಡು ಹಾಕಿದೆನು. ಯಂತ್ರವು ಗುಪ್ತಸಂಖ್ಯೆಯ ಆರು ಅಂಕಿಗಳನ್ನು ಕೇಳಿತು. ನನ್ನಲ್ಲಿರುವುದು ನಾಲ್ಕು. ಬುದ್ಧಿವಂತಿಕೆಯಿಂದ ಹಿಂದೆ ಎರಡು ಸೊನ್ನೆ ಸೇರಿಸಿದೆನು. ಆಗಲಿಲ್ಲ. ಮುಂದೆ ಸೇರಿಸಿದೆನು. ಆಗಲಿಲ್ಲ. ಮೂರನೆಯ ಸಲ ಏನು ಒತ್ತಿದೆನೋ ನನಗೇ ತಿಳಿಯದು. ಯಂತ್ರ ಒಂದು ಸಲ ಗುರ್ರೆಂದು ಕಾರ್ಡನ್ನು ನುಂಗಿ ಸುಮ್ಮನಾಯಿತು.

ಕೋಣೆಗೆ ಬಂದು ಎಣಿಸಿದಾಗ ಕೈಯಲ್ಲಿದ್ದುದು ಎರಡು ಲಕ್ಷ ಎಂಬತ್ತೈದು ಸಾವಿರ, ಅಂದರೆ ಸಾವಿರದೈನೂರು ರೂಪಾಯಿಯ ಆಸುಪಾಸು. ಬುಧವಾರ ವಿಮಾನ. ನಾಲ್ಕು ರಾತ್ರಿಯ ಬಾಡಿಗೆಯೇ ಆರು ಲಕ್ಷ. ಮಗನಿಗೆ ಒಂದು ಮಾತು ಹೇಳಿದರೆ ಮುಗಿಯುತ್ತಿತ್ತು. ಟೆಲಿಫೋನನ್ನು ಕೈಗೆತ್ತಿಕೊಂಡು, ಊರಿನ ಬ್ಯಾಂಕಿಗೆ ಕರೆ ಮಾಡಿ ಕಾರ್ಡನ್ನು ತಡೆಹಿಡಿಸಿ, ಮಗನಿಗೆ ಮಾತ್ರ "ಊಟವಾಯಿತು, ಚೆನ್ನಾಗಿದ್ದೇನೆ" ಎಂದು ಬರೆದು ಮಲಗಿದೆನು. ನಿದ್ರೆ ಬರಲಿಲ್ಲ. ನಸುಕಿನ ಆಜಾನ್ ಕೇಳುವವರೆಗೂ ಸೊನ್ನೆಗಳನ್ನು ಎಣಿಸುತ್ತಿದ್ದೆನು.

ಭಾನುವಾರ ಬಾಡಿಗೆಯ ವಿಷಯವನ್ನು ಮೊಮ್ಮಗಳ ಮೂಲಕ ಮನೆಯೊಡತಿಗೆ ತಿಳಿಸಿದೆನು. ಅವಳು "ಬೆಸೊಕ್" ಎಂದಳು. ನಾಳೆ ಎಂದು ಅರ್ಥ. ಯಾವ ನಾಳೆಯೆಂಬ ಕಟ್ಟುಪಾಡು ಜಾವಾದವರ ಆ ಮಾತಿಗಿಲ್ಲವಂತೆ.

ಅಂದು ಸಿಟಿ ಬಸ್ಸಿನಲ್ಲಿ ನಾಲ್ಕು ಸಾವಿರದೊಳಗಿನ ಚೀಟಿ ಪಡೆದು ಪ್ರಂಬಾನನ್‌ಗೆ ಹೋದೆನು. ಹದಿನೇಳು ಕಿಲೋಮೀಟರು ಹಾದಿ. ಒಳಗೆ ಹೋಗಲಾಗದೆಂದು ತಿಳಿದೂ ಏಕೆ ಹೋದೆನೆಂದರೆ, ಕೋಣೆಯಲ್ಲಿ ಕುಳಿತಿರಲಾಗಲಿಲ್ಲ. ರಸ್ತೆಯಿಂದಲೇ ಗೋಪುರಗಳು ಕಂಡವು. ನಡುವಿನ ಶಿವಾಲಯ ನಲವತ್ತೇಳು ಮೀಟರು ಎತ್ತರ. ಬಿದ್ದ ಕಲ್ಲುರಾಶಿಯಿಂದ ಜೋಡಿಸಿ ಜೋಡಿಸಿ 1953ರಲ್ಲಿ ಅದನ್ನು ಪೂರ್ತಿಗೊಳಿಸಿದರು. 2006ರ ಭೂಕಂಪದಲ್ಲಿ ಪೆಟ್ಟು ತಿಂದು ಮತ್ತೆ ದುರಸ್ತಿಯಾಗಿ ನಿಂತಿದೆ. ಬೇಲಿಯ ಹೊರಗೆ ನಿಂತು ನೋಡುತ್ತಿದ್ದ ನನಗೆ, ಮೈಸೂರು ದಸರೆಯ ಮೆರವಣಿಗೆಯನ್ನು ಜನರ ಬೆನ್ನುಗಳ ನಡುವೆ ನೋಡುವ ಹುಡುಗಿಯ ಪಾಡಾಯಿತು. ಅಲ್ಲಿಂದ ಗದ್ದೆಗಳ ನಡುವೆ ನಡೆದು ಪ್ಲಾವೊಸಾನ್ ಎಂಬ ಬೌದ್ಧ ಗುಡಿಗಳಿಗೆ ಹೋದೆನು. ಸುತ್ತಲಿನ ಸಣ್ಣ ಗುಡಿ, ಸ್ತೂಪಗಳ ಕಲ್ಲುಗಳ ಮೇಲೆ ಅವನ್ನು ಕಟ್ಟಿಸಿಕೊಟ್ಟವರ ಹೆಸರುಗಳನ್ನು ಕಿರಿದಾಗಿ ಕೆತ್ತಿದ್ದಾರೆ. ಕೊಟ್ಟವರ ಹೆಸರು ಹೇಳುವುದರಲ್ಲಿ ಅವಮಾನವಿಲ್ಲವೆಂದು ಅವರು ತಿಳಿದಿದ್ದರು. ತೆಗೆದುಕೊಳ್ಳುವವರ ಮಾತು ಬೇರೆ ಎಂದು ಆಗ ನನ್ನ ಮನಸ್ಸು ವಾದಿಸಿತು.

ಸಂಜೆ ಬಂದಾಗ ಕೋಣೆಯ ಬಾಗಿಲಲ್ಲಿ ತಟ್ಟೆಯೊಂದನ್ನು ಮುಚ್ಚಿಟ್ಟಿದ್ದರು. ಅನ್ನ, ತೆಂಪೆ, ಹಲಸಿನ ಪಲ್ಯ. ಚರ್ಮವಿಲ್ಲ, ಹಪ್ಪಳವೂ ಇಲ್ಲ. ಬಾಡಿಗೆ ಕೊಡಲಾಗದವಳಿಗೆ ಊಟ! ಪರದೇಶದ ವಿಧವೆಯ ಋಣದಲ್ಲಿ ಬೀಳಲು ಒಪ್ಪುವ ನಾನು ಹೆತ್ತ ಮಗನ ಋಣಕ್ಕೆ ಅಂಜುತ್ತಿರುವುದು ನ್ಯಾಯವೇ ಎಂದು ತಟ್ಟೆಯ ಮುಂದೆ ಕುಳಿತಾಗ ಹೊಳೆಯಿತು. ಊಟ ಮುಗಿಸಿ ಮಗನಿಗೆ ಕರೆ ಮಾಡಿದೆನು. ಅವನು ಬೈಯಲಿಲ್ಲ. "ಎಷ್ಟು ಬೇಕಮ್ಮಾ?" ಎಂದು ಮಾತ್ರ ಕೇಳಿದನು. ಬೈದಿದ್ದರೆ ಒಳ್ಳೆಯದಿತ್ತು.

ಸೋಮವಾರ ಹಣ ಬಂದುದು ಎಲ್ಲಿಗೆಂದು ಬಲ್ಲಿರಾ? ಅಂಚೆ ಕಚೇರಿಗೆ! ಆ ದೇಶದಲ್ಲಿ ಹೊರನಾಡಿನಿಂದ ಬರುವ ಹಣವನ್ನು ಅಂಚೆಯವರೂ ಬಟವಾಡೆ ಮಾಡುತ್ತಾರೆ. ಓಣಿಯಾಚೆಯ ಒಂದು ಸಣ್ಣ ಕಚೇರಿ. ಕೌಂಟರಿನ ಹಿಂದೆ ಇಪ್ಪತ್ತೈದರ ತರುಣ. ನಾನು ಪಾಸ್‌ಪೋರ್ಟು, ಸಂಖ್ಯೆ ಎರಡನ್ನೂ ಮುಂದಿಟ್ಟೆನು. ಅವನು ಪರದೆಯನ್ನು ನೋಡಿದನು, ಪಾಸ್‌ಪೋರ್ಟನ್ನು ನೋಡಿದನು, ವಿನಯದಿಂದ ತಲೆಯಾಡಿಸಿದನು. ಮಗನು ನನ್ನ ಹೆಸರನ್ನು ನಾವು ಊರಿನಲ್ಲಿ ಬರೆಯುವಂತೆ ಇನಿಷಿಯಲ್ ಹಾಕಿ ಬರೆದಿದ್ದನು. ಪಾಸ್‌ಪೋರ್ಟಿನಲ್ಲಿ ಆ ಅಕ್ಷರಗಳು ಬಿಡಿಸಿಕೊಂಡು ಊರಿನ ಹೆಸರೂ ತಂದೆಯ ಹೆಸರೂ ಆಗಿ ಕುಳಿತಿವೆ. ಹೆಸರು ಹೊಂದುವುದಿಲ್ಲ, ಹಣ ಕೊಡಲಾಗದು.

ನನಗೆ ಸಿಟ್ಟು ಬರಬೇಕಾಗಿತ್ತು. ಬರಲಿಲ್ಲ. ನೌಕರಿಗೆ ಸೇರಿದ ಹೊಸದರಲ್ಲಿ, ಹೆಸರಿನ ಒಂದು ಅಕ್ಷರ ವ್ಯತ್ಯಾಸವಿದ್ದುದಕ್ಕಾಗಿ ಮುದುಕಿಯೊಬ್ಬಳ ಮನಿಯಾರ್ಡರನ್ನು ನಾನು ತಡೆದಿದ್ದೆನು. ನಾಲ್ಕು ಮೈಲಿ ನಡೆದು ಬಂದಿದ್ದ ಅವಳು ಏನೂ ಹೇಳದೆ ಸೆರಗಿನ ತುದಿಯನ್ನು ಗಂಟು ಹಾಕಿಕೊಂಡು ಹೊರಟುಹೋದಳು. ನಿಯಮದಂತೆ ನಾನು ಮಾಡಿದುದು ಸರಿ. ಈ ಹುಡುಗ ಮಾಡಿದುದೂ ಸರಿ. ಆದರೆ ಅವನು ಎದ್ದು ಬಂದು ಒಂದು ಕುರ್ಚಿಯನ್ನು ಎಳೆದು ಹಾಕಿ, ಸಿಹಿ ಚಹಾ ತರಿಸಿ, ಮಗನೊಡನೆ ತಾನೇ ಟೆಲಿಫೋನಿನಲ್ಲಿ ಮಾತನಾಡಿ, ಹೆಸರನ್ನು ಒಂದೊಂದೇ ಅಕ್ಷರವಾಗಿ ಹೇಳಿ ತಿದ್ದಿಸಿದನು. ನಾನು ಅಂದು ಕುರ್ಚಿ ಹಾಕಿರಲಿಲ್ಲ. ಎರಡು ಗಂಟೆಯ ಬಳಿಕ ನೋಟುಗಳನ್ನು ಅವನು ಮೂರು ಸಲ ಎಣಿಸಿದನು. ನಾಲ್ಕನೆಯ ಸಲ ನಾನು ಎಣಿಸಿದೆನು. ಇಬ್ಬರ ಲೆಕ್ಕವೂ ಸರಿಹೋಯಿತು.

ಮಂಗಳವಾರ ಬಾಗಿಲು ತೆರೆಯುವ ಹೊತ್ತಿಗೇ ಪ್ರಂಬಾನನ್‌ನಲ್ಲಿದ್ದೆನು. ಗರ್ಭಗುಡಿಯಲ್ಲಿ ಶಿವ, ತೆಂಕಣ ಕೋಣೆಯಲ್ಲಿ ಅಗಸ್ತ್ಯ, ಪಡುವಣದಲ್ಲಿ ಗಣಪತಿ, ಬಡಗಣದಲ್ಲಿ ಮಹಿಷಮರ್ದಿನಿ. ಈ ದುರ್ಗೆಯನ್ನು ಅಲ್ಲಿನ ಜನ ಲಾರಾ ಜೊಂಗ್ರಾಂಗ್ ಎಂಬ ರಾಜಕುಮಾರಿಯೆನ್ನುತ್ತಾರೆ. ಒಂದೇ ರಾತ್ರಿಯಲ್ಲಿ ಸಾವಿರ ಗುಡಿ ಕಟ್ಟಿದರೆ ಮದುವೆಯಾಗುವೆನೆಂದು ಅವಳು ಪಣ ಒಡ್ಡಿದಳಂತೆ. ಒಂದು ಕಡಮೆಯಿರುವಾಗ ಹೆಂಗಸರಿಂದ ಬತ್ತ ಕುಟ್ಟಿಸಿ ಬೆಳಗಾಯಿತೆಂದು ಕೋಳಿಗಳನ್ನು ಕೂಗಿಸಿ, ಮೋಸಹೋದವನ ಶಾಪದಿಂದ ತಾನೇ ಸಾವಿರದ ಕಲ್ಲಾದಳಂತೆ.

ಗುಡಿಯನ್ನು ಬಲಕ್ಕಿಟ್ಟುಕೊಂಡು ಪ್ರದಕ್ಷಿಣೆ ಬಂದರೆ ಕೈಗೋಡೆಯ ಒಳಮುಖದಲ್ಲಿ ರಾಮಾಯಣ ತೆರೆಯುತ್ತ ಹೋಗುತ್ತದೆ. ಸೇತುವೆಯವರೆಗೆ ಇಲ್ಲಿ, ಮುಂದಿನ ಕತೆ ಪಕ್ಕದ ಬ್ರಹ್ಮನ ಗುಡಿಯಲ್ಲಿ. ನಾನು ಹೆಚ್ಚು ಹೊತ್ತು ನಿಂತುದು ಜಟಾಯುವಿನ ಮುಂದೆ. ನಮ್ಮ ಕತೆಯಲ್ಲಿ ಅವನು ರಾಮನಿಗೆ ಸುದ್ದಿಯನ್ನು ಮಾತ್ರ ಹೇಳಿ ಪ್ರಾಣ ಬಿಡುತ್ತಾನೆ. ಜಾವಾದ ಶಿಲ್ಪಿ ಅಷ್ಟಕ್ಕೆ ತೃಪ್ತನಾಗಿಲ್ಲ. ರಾವಣನ ಹಿಡಿತದಲ್ಲಿರುವ ಸೀತೆ ತನ್ನ ಉಂಗುರವನ್ನು ಹಕ್ಕಿಗೆ ಕೊಡುತ್ತಾಳೆ. ಹಕ್ಕಿ ಅದನ್ನು ಕೊಕ್ಕಿನಲ್ಲಿ ಹಿಡಿದು ರಾಮನಿಗೆ ಒಪ್ಪಿಸುತ್ತದೆ. ರೆಕ್ಕೆ ಮುರಿದರೂ ವಸ್ತು ವಿಳಾಸದಾರನಿಗೆ ತಲುಪಿತು. ನಮ್ಮ ಇಲಾಖೆಯವನು! ಯಜಮಾನರು ಜೊತೆಯಲ್ಲಿದ್ದಿದ್ದರೆ ಈ ಮಾತಿಗೆ ನಗುತ್ತಿದ್ದರು.

ಬುಧವಾರ ಬೆಳಿಗ್ಗೆ ಮನೆಯೊಡತಿಗೆ ಆರು ಲಕ್ಷ ಕೊಟ್ಟೆನು. ಭಾನುವಾರದ ತಟ್ಟೆಗೆಂದು ಇನ್ನೊಂದು ನೋಟನ್ನು ಇಟ್ಟುದಕ್ಕೆ ಅವಳಿಗೆ ನಿಜವಾಗಿಯೂ ಕೋಪ ಬಂದಿತು, ಹಿಂದಕ್ಕೆ ತೆಗೆದುಕೊಂಡೆನು. ಊರಿಗೆ ಮರಳಿದ ಮೇಲೆ ಮಗನ ಖಾತೆಗೆ ಪೂರ್ತಿ ಹಣವನ್ನು ಜಮಾ ಮಾಡಿ ರಸೀದಿ ಕಳುಹಿಸಿದೆನು. "ಇದೆಲ್ಲ ಯಾಕಮ್ಮಾ?" ಎಂದು ಬರೆದನು. ಹಣ ತಲುಪಿತೆಂದು ಬರೆಯಲು ಮರೆತಿದ್ದನು. ಅದನ್ನೂ ಕೇಳಿ ಬರೆಯಿಸಿಕೊಂಡೆನು.