ಅವ್ವನ ಅರವತ್ತು

ಅವ್ವಗ ಅರವತ್ತು ತುಂಬಿತು, ಆಧಾರ್ ಕಾರ್ಡಿನ ಪ್ರಕಾರ. ಜೂನ್ 1. ರಾಮಥಾಳದಾಗ ಆಕಿ ವಾರಿಗಿಯವರು ಬಹಳಷ್ಟು ಮಂದಿ ಹುಟ್ಟಿದ್ದು ಅವತ್ತೇ. ಸಾಲಿ ಮಾಸ್ತರು ಬರೆದದ್ದೇ ಜನ್ಮದಿನ!

ಶನಿವಾರ ಮೊಮ್ಮಕ್ಕಳ ಸಮೇತ ಬಾದಾಮಿಗೆ ಹೋದ್ವಿ. ಮೂರನೇ ಗುಹೆಯ ಮಂಗಳೇಶನ ಶಾಸನದಾಗ ತಾರೀಕು ಪಕ್ಕಾ ಐತಿ: ಶಕ 500, ಅಂದ್ರ ಕ್ರಿ.ಶ. 578, ಕಾರ್ತಿಕ ಹುಣ್ಣಿಮೆ. 'ಕಲ್ಲಿಗೂ ತಿಥಿ ಬರದಾರ, ನನಗ ಯಾರೂ ಬರೀಲಿಲ್ಲ ನೋಡು' ಅಂತ ನಕ್ಕಳು. ಆಕಿಗೆ ಗೊತ್ತಿರೋದು ಇಷ್ಟ, ಹುಟ್ಟಿದ್ದು ಜ್ವಾಳದ ಸುಗ್ಗ್ಯಾಗ.

ಕೇಕು ಹುಡುಗರ ಹಟಕ್ಕ. ಅವ್ವನ ಮನಸ್ಸೆಲ್ಲ ಬನಶಂಕರ್ಯಾಗ ಬುಟ್ಟಿ ಹೊತ್ತು ಬರೋ ಹೆಣ್ಮಕ್ಕಳ ರೊಟ್ಟಿ, ಕೆಂಪು ಚಟ್ನಿ, ಗಡಿಗಿ ಮೊಸರಿನ ಮ್ಯಾಲ. ಹೊಸ ಇಳಕಲ್ ಸೀರಿ ಉಟ್ಟು, ಹೊಂಡದ ಕಟ್ಟಿ ಮ್ಯಾಲ ಕುಂತು ಉಂಡಳು. ರೊಕ್ಕ ಕೊಡೋ ಮುಂದ ಚೌಕಾಸಿ ಬ್ಯಾರೆ!

ಮುಂದಿನ ಸಲ ಸುಗ್ಗ್ಯಾಗ ಮಾಡೂಣು ಅಂದೆ. 'ರಾಶಿ ಬಿಟ್ಟು ಯಾರ ಬರ್ತಾರೋ?' ಅಂದಳು.