ಕಮಲಾಪುರದಲ್ಲಿ ದಾರಿ ತಪ್ಪಿದ್ದು

ಈ ಕತೆ ಬರೆಯೋಕೆ ಇಷ್ಟು ದಿನ ನಾಚಿಕೆ ಆಗ್ತಿತ್ತು. ಈಗಲೂ ಸ್ವಲ್ಪ ಇದೆ. ಆದರೂ ಬರೆದುಬಿಡ್ತೀನಿ.

2023ರ ಮಾರ್ಚಿನಲ್ಲಿ ನನ್ನ ಕೆಲಸ ಹೋಯಿತು. ಬೆಂಗಳೂರಿನಲ್ಲಿ ನಾಲ್ಕು ವರ್ಷ ಮಾಡಿದ್ದ ಕೆಲಸ. ಬೆಳಿಗ್ಗೆ ಹದಿನೈದು ನಿಮಿಷದ ಒಂದು ಕಾಲ್, ಮಧ್ಯಾಹ್ನದ ಊಟದ ಹೊತ್ತಿಗೆ ಲಾಗಿನ್ ಬಂದ್! ಕಂಪನಿಯ ಲ್ಯಾಪ್‌ಟಾಪ್ ವಾಪಸ್ ಕೊಟ್ಟು, ಕಾಲೇಜಿನ ಕಾಲದ ನನ್ನ ಹಳೇ ಲ್ಯಾಪ್‌ಟಾಪ್ ಹಿಡ್ಕೊಂಡು ರಾತ್ರಿ ರೈಲು ಹತ್ತಿ ಕಲಬುರಗಿಗೆ ಬಂದೆ. ಮನೆಯಲ್ಲಿ ಹೇಳಿದ್ದು ಒಂದೇ ಮಾತು - "ಎರಡು ತಿಂಗಳು ವರ್ಕ್ ಫ್ರಮ್ ಹೋಮ್ ಕೊಟ್ಟಾರ."

ಅಪ್ಪ ನಿವೃತ್ತ ಮಾಸ್ತರು. ಬೆಳಿಗ್ಗೆಯಿಂದ ಸಂಜೆವರೆಗೆ ಅವರಿಗೆ ಟೀವಿಯಲ್ಲಿ ನ್ಯೂಸ್ ಓಡ್ತಾ ಇರಬೇಕು, ಅದೂ ಓಣಿಗೆಲ್ಲ ಕೇಳೋ ಹಾಗೆ. ಆದರೆ ನಾನು ಬಂದ ಮರುದಿನದಿಂದ ಹತ್ತರಿಂದ ಆರರ ತನಕ ಟೀವಿ ಮೂಕ. ಚಿತ್ರ ಮಾತ್ರ ಓಡ್ತಿತ್ತು, ಅಪ್ಪ ಕೆಳಗಿನ ಅಕ್ಷರ ಓದ್ತಾ ಕೂತಿರ್ತಿದ್ರು. ಅವ್ವ ಅಂತೂ ಕುಕ್ಕರ್ ಇಡೋ ಮೊದಲು ಬಾಗಿಲ ಸಂದಿಯಿಂದ ಇಣುಕಿ, "ಮೀಟಿಂಗ್ ಅದ ಏನೋ? ಸೀಟಿ ಹೊಡೀತದ ನೋಡು" ಅಂತ ಪಿಸುಗುಟ್ಟುತ್ತಿದ್ಲು. ಒಳಗೆ ನಾನು ಯಾವ ಮೀಟಿಂಗೂ ಇಲ್ಲದೆ, ಕಿವಿಗೆ ಹೆಡ್‌ಫೋನ್ ಹಾಕ್ಕೊಂಡು ಕೂತಿರ್ತಿದ್ದೆ. ಒಂದಷ್ಟು ಅರ್ಜಿ ಹಾಕೋದು, ಆಮೇಲೆ ಓದೋದು. ಇಷ್ಟೇ ನನ್ನ ಆಫೀಸು.

ಓದಿದ್ದೆಲ್ಲ ಕಾಡಿನ ಪುಸ್ತಕಗಳೇ.

ನಿಮ್ಮಲ್ಲಿ ಮಲೆನಾಡಿನವರಿದ್ದರೆ ಇದು ಅರ್ಥವಾಗೋದು ಕಷ್ಟ. ನಮ್ಮ ಕಡೆ ಕಣ್ಣು ಹಾಯಿಸಿದಷ್ಟು ದೂರ ಎರೆ ಭೂಮಿ, ತೊಗರಿ, ಜೋಳ, ನಡುವೆ ಒಂದು ಬೇವಿನ ಗಿಡ, ಒಂದು ಜಾಲಿ. ಇಂಥ ಊರಿನ ಹುಡುಗನಿಗೆ ತೇಜಸ್ವಿ ಪುಸ್ತಕ ಸಿಕ್ಕರೆ ಏನಾಗಬೇಡ? ಒಂಬತ್ತನೇ ಕ್ಲಾಸಿನಲ್ಲಿ 'ಕರ್ವಾಲೊ' ಓದಿ, ನಮ್ಮ ಶಹಾಬಜಾರದ ಮನೆಯ ಗೋಡೆ ಮೇಲಿದ್ದ ಹಲ್ಲಿಯನ್ನ ಒಂದು ವಾರ ಸಂಶಯದಿಂದ ನೋಡಿದ್ದೆ. ಎಲ್ಲಿ ಹಾರಿಬಿಡುತ್ತೋ ಅಂತ :) ಆಮೇಲೆ ಕೆನೆತ್ ಆಂಡರ್ಸನ್ ಬೇಟೆಗಳನ್ನ ತೇಜಸ್ವಿ ಕನ್ನಡಕ್ಕೆ ತಂದ 'ಕಾಡಿನ ಕಥೆಗಳು', ಆಮೇಲೆ 'ಮಹಾಪಲಾಯನ'.

'ಮಹಾಪಲಾಯನ' ಓದಿದವರಿಗೆ ಗೊತ್ತು ಅದರ ಅಮಲು. ಸ್ಲಾವೋಮಿರ್ ರಾವಿಸ್ ಅನ್ನೋ ಪೋಲೆಂಡಿನ ಸೈನಿಕ, ಸೈಬೀರಿಯಾದ ಸೆರೆಶಿಬಿರದಿಂದ ಕೆಲವೇ ಜನರ ಜೊತೆ ತಪ್ಪಿಸಿಕೊಂಡು, ಹಿಮ ದಾಟಿ, ಗೋಬಿ ಮರುಭೂಮಿ ದಾಟಿ, ಹಿಮಾಲಯ ಹತ್ತಿಳಿದು ಭಾರತಕ್ಕೆ ಬಂದು ಮುಟ್ಟುವ ಕತೆ. ಇಂಗ್ಲಿಷಿನ ಮೂಲ ಬಂದದ್ದು 1956ರಲ್ಲಿ. ಏಪ್ರಿಲ್ ಬಿಸಿಲಲ್ಲಿ ಓದುವಾಗ ಗೋಬಿ ಮರುಭೂಮಿಯ ಭಾಗ ಬಂದಾಗ ನಾನು ಎದ್ದು ಹೋಗಿ ಎರಡು ಲೋಟ ನೀರು ಕುಡಿದು ಬಂದಿದ್ದೆ. ಮನುಷ್ಯ ಗಟ್ಟಿ ಮನಸ್ಸು ಮಾಡಿದರೆ ಏನು ಬೇಕಾದರೂ ದಾಟಬಹುದು ಅಂತ ನನಗೆ ನಂಬಿಕೆ ಬಂದದ್ದು ಆ ಪುಸ್ತಕದಿಂದ.

ಇಂಜಿನಿಯರಿಂಗ್ ಸೇರಿದ ಮೇಲೆ ಗೊತ್ತಾಯ್ತು - ಆ ಕತೆ ಹಾಗೆ ನಡೆದೇ ಇರಲಿಲ್ಲವಂತೆ. 2006ರಲ್ಲಿ ಬಿಬಿಸಿ ಹಳೇ ದಾಖಲೆಗಳನ್ನ ಹೊರಗೆ ತಂದಿತು. ಅದರಲ್ಲಿ ರಾವಿಸ್ ಸ್ವಂತ ಕೈಯಲ್ಲಿ ಬರೆದದ್ದೂ ಇತ್ತು. ಅದರ ಪ್ರಕಾರ 1942ರಲ್ಲಿ ರಷ್ಯಾದವರೇ ಕ್ಷಮಾದಾನ ಕೊಟ್ಟು ಅವನನ್ನ ಬಿಟ್ಟಿದ್ದರು, ಅವನು ಹೋಗಿದ್ದು ಇರಾನಿನ ನಿರಾಶ್ರಿತರ ಶಿಬಿರಕ್ಕೆ. ಆಗ ನನಗೆ ಭಯಂಕರ ಸಿಟ್ಟು ಬಂದಿತ್ತು. ಕೆಲಸ ಹೋದ ಮೇಲೆ ಮತ್ತೆ ಅದೇ ಪುಸ್ತಕ ಕೈಗೆತ್ತಿಕೊಂಡಾಗ ಸಿಟ್ಟು ಬರಲಿಲ್ಲ. ದಿನಾ ಹತ್ತು ಗಂಟೆಗೆ ಬಾಗಿಲು ಹಾಕ್ಕೊಂಡು ಇಲ್ಲದ ಆಫೀಸಿಗೆ ಹೋಗುವವನಿಗೆ ಇನ್ನೊಬ್ಬರ ಮೇಲೆ ಸಿಟ್ಟು ಮಾಡೋ ಹಕ್ಕು ಎಲ್ಲಿದೆ?

ಅದೇ ವಾರ ಓದಿದ್ದು ಜಾನ್ ಕ್ರಾಕೌರ್ ಬರೆದ 'ಇನ್‌ಟು ದ ವೈಲ್ಡ್'. ಕ್ರಿಸ್ ಮೆಕ್ಯಾಂಡ್ಲೆಸ್ ಅನ್ನೋ 24 ವರ್ಷದ ಅಮೆರಿಕನ್ ಹುಡುಗ, ಓದು ಮುಗಿಸಿ, ಉಳಿಸಿದ ದುಡ್ಡೆಲ್ಲ ದಾನ ಮಾಡಿ, ಮನೆಗೆ ಹೇಳದೆ ಹೊರಟು, ಕೊನೆಗೆ 1992ರ ಏಪ್ರಿಲ್‌ನಲ್ಲಿ ಅಲಾಸ್ಕಾದ ಕಾಡಿಗೆ ಒಬ್ಬನೇ ನಡೆದ. ಅಲ್ಲಿ ಪಾಳುಬಿದ್ದ ಒಂದು ಬಸ್ಸಿನಲ್ಲಿ ಉಳಿದ. ಅಲ್ಲೇ ಸತ್ತ. ಮನೆಗೆ ಹೇಳದೆ ಹೊರಟ ಅನ್ನೋ ಸಾಲಿಗೆ ಬಂದಾಗ ನನ್ನ ಎದೆ ಡವಡವ ಅಂತು. ಇವನು ನನ್ನ ಮನುಷ್ಯ ಅನ್ನಿಸಿತು. ಅವನು ಸತ್ತ ಅನ್ನೋದನ್ನ ಮಾತ್ರ ಅಷ್ಟಾಗಿ ತಲೆಗೆ ಹಾಕ್ಕೊಳ್ಳಲಿಲ್ಲ!

ನನಗೂ ಕಾಡಿಗೆ ಹೋಗಬೇಕಿತ್ತು. ಒಬ್ಬನೇ. ನಾನು ಯಾರು ಅಂತ ಕಂಡುಕೊಳ್ಳೋಕೆ. (ನಗಬೇಡಿ.) ನಮ್ಮ ಜಿಲ್ಲೆಯಲ್ಲಿ ನಿಜವಾದ ಕಾಡು ಅಂದರೆ ಚಿಂಚೋಳಿ, 2011ರಲ್ಲಿ ವನ್ಯಜೀವಿ ಧಾಮ ಆಯಿತು. ಆದರೆ ಅದು ದೂರ, ನಾನು ಸಂಜೆಯೊಳಗೆ ಮನೆ ಸೇರಬೇಕು. ಹಾಗಾಗಿ ಅಲಾಸ್ಕಾ ಬದಲು ಕಮಲಾಪುರ. ಹುಮನಾಬಾದ್ ರಸ್ತೆಯಲ್ಲಿ 35-40 ಕಿ.ಮೀ. ಅಷ್ಟೇ. ಅಲ್ಲಿಗೆ ಹೋಗ್ತಾ ಹೋಗ್ತಾ ಕರಿ ಮಣ್ಣು ಮುಗಿದು ಕೆಂಪು ಮಣ್ಣು ಶುರುವಾಗುತ್ತೆ, ಗುಡ್ಡ ಏಳುತ್ತವೆ. ಆ ಗುಡ್ಡಗಳ ನಡುವಿನ ತಗ್ಗಿನಲ್ಲಿ ಕಮಲಾಪುರದ ಕೆಂಪು ಬಾಳೆ ಬೆಳೆಯೋದು, ಭೌಗೋಳಿಕ ಸೂಚಿ ಪಡೆದ ಬಾಳೆ.

ಏಪ್ರಿಲ್‌ನ ಒಂದು ಶನಿವಾರ "ಗೆಳೆಯನ ಮನಿಗಿ ಹೋಗಿ ಬರ್ತೀನಿ" ಅಂತ ಹೇಳಿ ಬಸ್ಸು ಹತ್ತಿದೆ. ಒಂದು ಲೀಟರ್ ನೀರು, ಎರಡು ಪೊಟ್ಟಣ ಬಿಸ್ಕತ್ತು, ಮೊಬೈಲು, ಪವರ್ ಬ್ಯಾಂಕ್. ಟೋಪಿ ಇಲ್ಲ. ಏಪ್ರಿಲ್‌ನಲ್ಲಿ ನಮ್ಮ ಕಡೆ ಬಿಸಿಲು ನಲವತ್ತು ಡಿಗ್ರಿ ದಾಟೋದು ಇಲ್ಲೇ ಹುಟ್ಟಿ ಬೆಳೆದ ನನಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು. ಆದರೆ ಪುಸ್ತಕ ಓದಿದವನಿಗೆ ಬಿಸಿಲೆಲ್ಲಿ ತಾಕುತ್ತೆ!

ಊರು ದಾಟಿ ಒಂದು ಗುಡ್ಡ ಹತ್ತಿದೆ. ಮೇಲೆ ನಿಂತು ಗಾಳಿಗೆ ಮುಖ ಕೊಟ್ಟು ಫೋಟೋ ತೆಗೆದುಕೊಂಡೆ. ಆ ಕಡೆ ಇಳಿಯೋಣ ಅಂತ ಆಡು ಓಡಾಡಿದ ಒಂದು ಸಣ್ಣ ದಾರಿ ಹಿಡಿದೆ. ಅರ್ಧ ಗಂಟೆಯಲ್ಲಿ ಆ ದಾರಿ ಎರಡಾಯಿತು, ಮೂರಾಯಿತು, ಆಮೇಲೆ ಇಲ್ಲವೇ ಇಲ್ಲ. ಒಣಗಿದ ಒಂದು ಹಳ್ಳಕ್ಕೆ ಇಳಿದರೆ ಅದರಿಂದ ಇನ್ನೊಂದು ಹಳ್ಳ. ಎಲ್ಲ ಒಂದೇ ಥರ. ಮೊಬೈಲಿನಲ್ಲಿ ನೆಟ್‌ವರ್ಕ್ ಇಲ್ಲ, ಕಾದು ಕಾದು ಅದೂ ತಾನಾಗಿ ಬಂದ್ ಆಯಿತು. ನೀರು ಹನ್ನೆರಡಕ್ಕೇ ಖಾಲಿ.

ಒಂದೂವರೆ ಹೊತ್ತಿಗೆ ತಲೆನೋವು ಶುರು. ಹಿಮ್ಮಡಿಯ ಮೇಲಿನ ಮಾಂಸಖಂಡ ಹಿಡಿದುಕೊಂಡಿತು. ಒಂದು ಹೊತ್ತಿನಲ್ಲಿ ಮೈ ಬೆವರೋದು ಕಮ್ಮಿ ಆಗಿದೆ ಅಂತ ಗೊತ್ತಾಗಿ ನಿಜಕ್ಕೂ ಹೆದರಿದೆ. ಒಂದು ಗಿಡದ ಹರಕು ನೆರಳಲ್ಲಿ ಕೂತೆ. ಆ ಗಿಡದ ಹೆಸರೂ ನನಗೆ ಗೊತ್ತಿರಲಿಲ್ಲ. ಅಮೆಜಾನಿನ ಗಿಡಗಳ ಬಗ್ಗೆ ಹೇಳಬಲ್ಲೆ, ನಮ್ಮ ಗುಡ್ಡದ ಒಂದು ಗಿಡ ಗೊತ್ತಿಲ್ಲ. ನಾನು ಯಾರು ಅನ್ನೋ ಪ್ರಶ್ನೆ ಆಗ ಒಮ್ಮೆಯೂ ನೆನಪಾಗಲಿಲ್ಲ. ನೆನಪಾಗಿದ್ದು ನಾನು ಇಲ್ಲಿದ್ದೀನಿ ಅಂತ ಭೂಮಿ ಮೇಲೆ ಒಬ್ಬರಿಗೂ ಗೊತ್ತಿಲ್ಲ ಅನ್ನೋದು. ಅಪ್ಪ ಹುಡುಕಲು ಹೊರಟರೆ ಮೊದಲು ಗೆಳೆಯನ ಮನೆಗೆ ಹೋಗ್ತಾರೆ.

ಆಗ ಎಲ್ಲೋ ಕೆಳಗೆ ಮೋಟರ್ ಶುರುವಾದ ಸದ್ದು. ನೀರೆತ್ತೋ ಪಂಪಿನ ಸದ್ದು. ತ್ರೀ ಫೇಸ್ ಕರೆಂಟು ಬಂದಿತ್ತು ಅಂತ ಕಾಣುತ್ತೆ. ಆ ಸದ್ದು ಹಿಡಿದು ಇಳಿದೆ. ಹತ್ತು ನಿಮಿಷದಲ್ಲಿ ಹಸಿರು ಕಂಡಿತು. ಬಾಳೆ ತೋಟ.

ತೋಟದ ಮುತ್ಯಾ ನನ್ನ ನೋಡಿದವರೇ ಏನೂ ಕೇಳದೆ ಹೆಗಲ ಮೇಲಿನ ಟವೆಲ್ ತೊಯ್ಸಿ ನನ್ನ ತಲೆ ಮೇಲೆ ಹಾಕಿದರು. "ಕುಂದ್ರು. ಗಟಗಟ ಕುಡಿಬ್ಯಾಡ, ಸಾವಕಾಶ ಕುಡಿ." ಆಮೇಲೆ ಉಪ್ಪು ಹಾಕಿದ ಮಜ್ಜಿಗೆ. ಆಮೇಲೆ ತಮ್ಮ ಬುತ್ತಿ ಬಿಚ್ಚಿ ರೊಟ್ಟಿ, ಶೇಂಗಾ ಹಿಂಡಿ. ನಾನು ಅರ್ಧ ರೊಟ್ಟಿ ತಿಂದ ಮೇಲೇ ಮಾತು ಶುರುವಾಗಿದ್ದು.

"ಯಾವೂರು ತಮ್ಮಾ?"

"ಕಲಬುರಗಿ ರೀ, ಶಹಾಬಜಾರ."

"ಯಾರ ಮಗ?"

ಹೇಳಿದೆ. ಅಪ್ಪ ಯಾವ ಸಾಲಿಯಲ್ಲಿ ಮಾಸ್ತರಿದ್ದರು ಅಂತ ಕೇಳಿದರು, ಹೇಳಿದೆ. ಅವರ ಬೀಗರೊಬ್ಬರು ಅದೇ ಓಣಿಯವರಂತೆ. ಎರಡು ನಿಮಿಷದಲ್ಲಿ ನಾನು ಯಾರು ಅಂತ ಅವರು ಕಂಡುಹಿಡಿದಾಗಿತ್ತು! ಆಮೇಲೆ ಕೇಳಿದರು, "ಕೆಲಸ ಏನ್ ಮಾಡ್ತಿ?"

ಬಾಯಲ್ಲಿ ಸಿದ್ಧ ಉತ್ತರ ಇತ್ತು. ಅದು ಬರಲಿಲ್ಲ. "ಕೆಲಸ ಹೋಗ್ಯಾದ್ರಿ ಮುತ್ಯಾ. ಮನ್ಯಾಗ ಹೇಳಿಲ್ಲ" ಅಂದೆ. ಒಂದು ತಿಂಗಳಲ್ಲಿ ಆ ಮಾತನ್ನ ಬಾಯಿಬಿಟ್ಟು ಹೇಳಿದ್ದು ಅದೇ ಮೊದಲು.

ಅವರು ಒಂದಿಷ್ಟು ಹೊತ್ತು ಸುಮ್ಮನಿದ್ದರು. "ಹ್ವಾದ ವರ್ಷ ಗಾಳಿಗಿ ಅರ್ಧ ತ್ವಾಟ ಮಲಗಿತ್ತು. ಒಂದೂವರಿ ವರ್ಷದ ಬೆಳಿ ಇದು. ಯಾರಿಗೂ ಹೇಳ್ಲಿಲ್ಲಂದ್ರ ಗಿಡ ತಾವೇ ಏಳ್ತಾವೇನು? ಹೇಳಿದ್ಕ ನಾಕು ಮಂದಿ ಬಂದ್ರು, ಕೋಲು ಕೊಟ್ಟು ನಿಂದ್ರಸಿದ್ರು. ಎಲ್ಲಾ ಉಳೀಲಿಲ್ಲ. ಒಂದಿಷ್ಟು ಉಳದ್ವು."

ಅಷ್ಟೇ. ಉಪದೇಶ ಏನೂ ಇಲ್ಲ. ಎದ್ದು ಹೋಗಿ ಆರು ಕಾಯಿ ತಂದು ಚೀಲಕ್ಕೆ ಹಾಕಿದರು. ದುಡ್ಡು ಕೊಡಲು ಹೋದರೆ ಬೈದರು. "ಎರಡ್ ದಿನ ಇಡು, ಹಣ್ಣಾಗ್ತಾವ." ರಸ್ತೆ ಎಲ್ಲಿ ಅಂತ ಕೇಳಿದೆ. ನಕ್ಕರು. "ಅಲ್ಲೇ ಅದಲ್ಲೋ, ಆ ಬೇವಿನ ಗಿಡದ ಹಿಂದ."

ಬಸ್ಸಿನಲ್ಲಿ ಕೂತಾಗ ಮೆಕ್ಯಾಂಡ್ಲೆಸ್ ನೆನಪಾದ. ಜುಲೈನಲ್ಲಿ ಅವನು ವಾಪಸ್ ಹೊರಟಿದ್ದ. ಬರುವಾಗ ನಡೆದು ದಾಟಿದ್ದ ಟೆಕ್ಲಾನಿಕಾ ನದಿ ಹಿಮ ಕರಗಿ ತುಂಬಿ ಹರೀತಿತ್ತು. ದಾಟಲಾಗದೆ ಬಸ್ಸಿಗೆ ಮರಳಿದ. ಸ್ವಲ್ಪ ದೂರದಲ್ಲೇ ನದಿಗೆ ಅಡ್ಡಲಾಗಿ ತಂತಿ, ಅದರಲ್ಲಿ ತೂಗುವ ಬುಟ್ಟಿ ಇತ್ತು. ಅವನ ಹತ್ತಿರ ಸರಿಯಾದ ನಕ್ಷೆ ಇರಲಿಲ್ಲ, ಹೇಳೋಕೆ ಯಾರೂ ಇರಲಿಲ್ಲ. ಕೊನೆಗೆ ಸಹಾಯ ಬೇಡಿ ಬಸ್ಸಿಗೆ ಚೀಟಿ ಅಂಟಿಸಿದ್ದ. ಅದನ್ನ ಓದಿದವರು ಬಂದಾಗ ತಡವಾಗಿತ್ತು. ಪುಸ್ತಕ ಓದಿ ಆ ಬಸ್ಸು ನೋಡಲು ಹೋದವರಲ್ಲಿ ಇಬ್ಬರು ಅದೇ ನದಿಯಲ್ಲಿ ತೀರಿಕೊಂಡರು, 2010ರಲ್ಲಿ ಒಬ್ಬಳು, 2019ರಲ್ಲಿ ಇನ್ನೊಬ್ಬಳು. 2020ರ ಜೂನಿನಲ್ಲಿ ಬಸ್ಸನ್ನೇ ಹೆಲಿಕಾಪ್ಟರಿನಲ್ಲಿ ಎತ್ತಿಕೊಂಡು ಹೋದರು.

ಮನೆಗೆ ಬಂದು ಕಾರಂತರ 'ಬೆಟ್ಟದ ಜೀವ' ಮತ್ತೆ ತೆಗೆದೆ. 1943ರ ಪುಸ್ತಕ. ಅದೂ ಶುರುವಾಗೋದು ಸುಬ್ರಹ್ಮಣ್ಯದ ಕಡೆಯ ಕಾಡಿನಲ್ಲಿ ಒಬ್ಬ ದಾರಿ ತಪ್ಪೋದರಿಂದಲೇ. ಆದರೆ ಅವನು ಅಲ್ಲಿ ಒಬ್ಬನೇ ಕೂತು ತನ್ನನ್ನ ತಾನು ಹುಡುಕಿಕೊಳ್ಳೋದಿಲ್ಲ. ದೇರಣ್ಣ, ಬಟ್ಯ ಸಿಗ್ತಾರೆ, ಗೋಪಾಲಯ್ಯನವರ ಮನೆಗೆ ಕರ್ಕೊಂಡು ಹೋಗ್ತಾರೆ. ಸ್ನಾನ, ಊಟ, ಮಾತು. ಆ ಮುದುಕ ದಂಪತಿಯ ಮಗ ಮನೆ ಬಿಟ್ಟು ಹೋಗಿದ್ದಾನೆ, ಸುದ್ದಿ ಇಲ್ಲ. ದಾರಿ ತಪ್ಪಿ ಬಂದವನನ್ನ ಅವರು ಮಗನ ಹಾಗೇ ನೋಡ್ತಾರೆ. ಮೊದಲ ಸಲ ಓದಿದಾಗ ಬೆಟ್ಟ, ಕಾಡು, ಆನೆ ಇವೇ ಕಂಡಿದ್ದವು. ಈ ಸಲ ಆ ದಂಪತಿ ಕಂಡರು. 'ಕರ್ವಾಲೊ'ದಲ್ಲೂ ಹಾಗೇ ಅಲ್ಲವೇ? ಹಾರುವ ಓತಿಯನ್ನ ಮೊದಲು ಕಂಡವನು ವಿಜ್ಞಾನಿಯಲ್ಲ, ಜೇನು ಹಿಡಿಯುವ ಮಂದಣ್ಣ. ನಮ್ಮ ಕಾಡಿನ ಪುಸ್ತಕಗಳಲ್ಲಿ ಕಾಡು ಎಷ್ಟೇ ದಟ್ಟ ಇದ್ದರೂ ಒಳಗೆಲ್ಲೋ ಒಂದು ದೀಪ, ಒಬ್ಬ ಮಂದಣ್ಣ ಇದ್ದೇ ಇರ್ತಾರೆ. ನಾನು ಇಷ್ಟು ವರ್ಷ ಅವರನ್ನ ಬಿಟ್ಟು ಹುಲಿಯನ್ನಷ್ಟೇ ಓದಿದ್ದೆ.

ಅವತ್ತೇ ಅಪ್ಪನಿಗೆ ಹೇಳಬೇಕು ಅಂದುಕೊಂಡೆ. ಧೈರ್ಯ ಬರಲಿಲ್ಲ. ಬಾಳೆಕಾಯಿ ಹಣ್ಣಾಗೋಕೆ ಎರಡು ದಿನ ಹಿಡಿಯಿತು, ನನಗೂ ಅಷ್ಟೇ.

ಸೋಮವಾರ ಬೆಳಿಗ್ಗೆ ಅಪ್ಪ ಹಣ್ಣು ಸುಲಿಯುತ್ತಾ, "ಕಮಲಾಪುರದ್ದು ಇದ್ದಂಗದಲ್ಲೋ, ಎಲ್ಲಿಂದ ತಂದಿ?" ಅಂದರು. ಎಲ್ಲ ಹೇಳಿದೆ. ಮಾರ್ಚಿನಿಂದ ಶುರು ಮಾಡಿ, ಹಳ್ಳದ ತನಕ. ಅವ್ವ ಅಡುಗೆಮನೆ ಬಾಗಿಲಲ್ಲಿ ನಿಂತು ಸೆರಗಲ್ಲಿ ಕಣ್ಣೊರೆಸಿಕೊಂಡಳು. ಅವಳು ಅತ್ತಿದ್ದು ಕೆಲಸಕ್ಕಲ್ಲ, ಬಿಸಿಲಿಗೆ. ಅಪ್ಪ ಪೂರ್ತಿ ಹಣ್ಣು ತಿಂದು ಮುಗಿಸಿದರು. "ರೊಕ್ಕ ಎಷ್ಟು ತಿಂಗಳಿಗಿ ಆಗ್ತದ?" ಅಂತ ಕೇಳಿದರು. ಐದಾರು ತಿಂಗಳು ಅಂದೆ. "ಹೂಂ" ಅಂದರು. ಇಷ್ಟೇ ಮಾತು. ಏನು ಅಂದುಕೊಂಡರೋ ತಿಳಿಯಲಿಲ್ಲ, ನಾನು ಎದ್ದು ನನ್ನ ಕೋಣೆಗೆ ಬಂದು ಕೂತೆ.

ಹತ್ತು ಗಂಟೆಗೆ ಹೊರಗೆ ಟೀವಿ ಶುರುವಾಯಿತು. ಓಣಿಗೆಲ್ಲ ಕೇಳೋ ಹಾಗೆ.

(ಆಗಸ್ಟಿನಲ್ಲಿ ಬೇರೆ ಕೆಲಸ ಸಿಕ್ಕಿತು, ಸಂಬಳ ಮೊದಲಿಗಿಂತ ಕಮ್ಮಿ. ಹೊರಡುವ ಮೊದಲು ಅಪ್ಪನ ಜೊತೆ ಕಮಲಾಪುರದ ಆ ತೋಟಕ್ಕೆ ಹೋಗಿ ಬಂದೆ, ಈ ಸಲ ರಸ್ತೆಯಿಂದಲೇ. ನಾನು ಕೂತಿದ್ದ ಗಿಡವನ್ನ ದೂರದಿಂದ ತೋರಿಸಿ ಹೆಸರು ಕೇಳಿದೆ. ಮುತ್ತಲ ಗಿಡವಂತೆ. ನಿಮ್ಮನ್ನ ಹೀಗೆ ದಾರಿ ತಪ್ಪಿಸಿದ ಪುಸ್ತಕ ಯಾವುದು? ಇದ್ದರೆ ಹೇಳಿ, ಓದೋಣ. ಆದರೆ ಹೊರಡುವಾಗ ಮನೆಯಲ್ಲಿ ಹೇಳಿ ಹೋಗೋಣ.)